ಹನ್ನೆರಡು ಹೊರಸಿನ ಮನೆ

ಹನ್ನೆರಡು ಹೊರಸಿಗೆ ಪರವಾನಗಿ ಇದ್ದ ಮನೆಯಲ್ಲಿ ಪೀರಪ್ಪ ಹದಿಮೂರನೆಯವನಾಗಿದ್ದ. ಸರ್ಕಾರದ ಸಫಾಯಿ ದಾರೋಗಾ ಎಣಿಸಲು ಬಂದ ದಿನ ಅವನನ್ನು ಎತ್ತಿಕೊಂಡು ಹೋಗಿ ಹಿಂದಿನ ಒಣ ಹಳ್ಳದಲ್ಲಿ ಇಟ್ಟರು. ದಾರೋಗಾ ಎಣಿಸಿದ, ಉಂಡ, ಮಲಗಿದ, ಎದ್ದ, ಸಹಿ ಮಾಡಿ ಹೋದ. ಅಷ್ಟರಲ್ಲಿ ಪೀರಪ್ಪ ಸತ್ತಿದ್ದ.

ಎತ್ತಿಕೊಂಡು ಹೋಗಿ ಇಟ್ಟವಳು ನಿಂಬೆವ್ವ.

ಚೌಡಾಪುರದ ಹಾದಿಯ ಬದಿಗೆ ಶಿವರಾಯನ ವಾಡೆ. ಗಾಣಗಾಪುರಕ್ಕೆ ಸೇವೆಗೆ ಬರುವ ಜಡ್ಡಿನ ಮಂದಿ, ಕಲಬುರ್ಗಿ ಕಡೆಯ ದವಾಖಾನೆಗಳು ಇನ್ನು ಆಗದೆಂದು ಬಿಟ್ಟು ಕಳಿಸಿದ ಮಂದಿ, ಮನೆಯವರಿಗೆ ಬೇಡವಾದ ಮಂದಿ ಅಲ್ಲಿ ತಿಂಗಳು, ಎರಡು ತಿಂಗಳು ಇದ್ದು ಮೈ ಸುಧಾರಿಸಿಕೊಳ್ಳುತ್ತಿದ್ದರು. ಜನ ಅದನ್ನು ಆರೈಕೆ ವಾಡೆ ಎನ್ನುತ್ತಿದ್ದರು. ಒಂದು ವರ್ಷ ಕಾಲರಾ ಬಿದ್ದು ಹಾದಿಬದಿಯ ಇಂಥ ಮನೆಗಳಲ್ಲಿ ಹೆಣದ ಮೇಲೆ ಹೆಣ ಉರುಳಿದಾಗ ನಿಜಾಮ ಸರ್ಕಾರ ಕಣ್ಣು ತೆರೆಯಿತು. ಜಡ್ಡಿನವರನ್ನು ಇಟ್ಟುಕೊಳ್ಳುವ ಮನೆಗೆಲ್ಲ ಇಜಾಜತಿ, ಅಂದರೆ ಪರವಾನಗಿ, ಬೇಕು ಎಂದಿತು. ದಾರೋಗಾ ಬಂದು ಟೇಪು ಹಿಡಿದು ಅಳೆದ. ಪಡಸಾಲೆ ಇಷ್ಟು, ಕಿಟಕಿ ಇಷ್ಟು, ಹವಾ ಇಷ್ಟು. ಇಷ್ಟು ಹವಾಕ್ಕೆ ಹನ್ನೆರಡು ಜನ. ಮುಂಬಾಗಿಲ ಮೇಲೆ ಉರ್ದುವಿನಲ್ಲಿ ಬರೆದ ತಖ್ತಿ, ಸರ್ಕಾರದ ಫಲಕ, ಬಿತ್ತು. ಶಿವರಾಯನಿಗೆ ಅದನ್ನು ಓದಲು ಬರುತ್ತಿತ್ತು. ಅವನು ಯಾರಿಗೂ ಓದಿ ಹೇಳಲಿಲ್ಲ.

ಹೊರಸು, ಹಗ್ಗ ಹೆಣೆದ ಮಂಚ, ಹನ್ನೆರಡೇ ಇದ್ದವು. ಮಂದಿ ಹದಿಮೂರು, ಹದಿನೈದು ಇರುತ್ತಿದ್ದರು. ಹೆಚ್ಚಾದವರಿಗೆ ಕಾಳಿನ ಖೋಲಿಯಲ್ಲಿ ಚಾಪೆ. ಪಕ್ಕದಲ್ಲಿ ಕೂತು ಗಾಳಿ ಬೀಸಲು ಹೆಂಡತಿಯೋ ಅಣ್ಣನೋ ಇದ್ದವರಿಗೆ ಹೊರಸು, ಕೇಳುವವರು ಇಲ್ಲದವರಿಗೆ ಚಾಪೆ. ದಾರೋಗಾ ಬರುವ ಸುದ್ದಿಯನ್ನು ಅವನ ಚಪರಾಸಿ ಉಸ್ಮಾನಸಾಬ ಮುಂಚೆಯೇ ಬಂದು ಹೇಳುತ್ತಿದ್ದ, ಒಂದು ಕೋಳಿ ಬಗಲಲ್ಲಿ ಇರುಕಿಕೊಂಡು ಹೋಗುತ್ತಿದ್ದ. ಆಮೇಲೆ ಚಾಪೆಯವರು ಹಳ್ಳಕ್ಕೆ.

ನಿಂಬೆವ್ವ ಹೊಲಗೇರಿಯವಳು. ಗಂಡ ಹುಲೆಪ್ಪ ಇದ್ದಾಗ ಇಬ್ಬರೂ ಕೂಡಿ ಎತ್ತುತ್ತಿದ್ದರು. ಅವನು ತೀರಿಕೊಂಡ ಮೇಲೆ ಅವಳೊಬ್ಬಳೇ. ಜಡ್ಡಿನವರಿಗೆ ಬೆನ್ನು ಕೊಟ್ಟು ಕುಕ್ಕುರುಗಾಲಲ್ಲಿ ಕೂರುವಳು. ಅವರ ಎರಡೂ ಕೈ ತನ್ನ ಹೆಗಲ ಮೇಲಿಂದ ಎದೆಗೆ ಎಳೆದುಕೊಳ್ಳುವಳು. ಹಳೆಯ ಧೋತರವನ್ನು ಅವರ ಕುಂಡಿಯ ಕೆಳಗಿಂದ ಸುತ್ತಿ ತನ್ನ ಹೊಟ್ಟೆಯ ಮೇಲೆ ಗಂಟು ಹಾಕುವಳು. ಒಂದು ಕೈ ನೆಲಕ್ಕೆ ಊರಿ, ಹಲ್ಲು ಕಚ್ಚಿ ಏಳುವಳು. ಮೊಣಕಾಲ ಚಿಪ್ಪು ಲಟಕ್ಕೆನ್ನುತ್ತಿತ್ತು. ಹೇಲು ಉಚ್ಚೆ ಬಳಿಯುವುದು, ಕೀವು ಒರೆಸುವುದು, ಬೆನ್ನಹುಣ್ಣಿಗೆ ಬೇವಿನ ತಪ್ಪಲು ಅರೆದು ಹಚ್ಚುವುದು, ಸತ್ತರೆ ಹೊರಗೆ ತರುವುದು, ಎಲ್ಲ ಅವಳದೇ. ಅದಕ್ಕೆ ಸಿಗುತ್ತಿದ್ದುದು ಉಳಿದ ಗಂಜಿ. ಇರಲಿಕ್ಕೆ ವಾಡೆಯ ಹಿಂದೆ, ಶಿವರಾಯನ ಜಾಗದಲ್ಲಿ, ಒಂದು ಗುಡಿಸಲು. ಮುಂಬಾಗಿಲಿಗೆ ಅವಳು ಬರುವಂತಿಲ್ಲ. ಹಿತ್ತಲ ಬಾಗಿಲಿನಿಂದ ಬಂದು ಹಿತ್ತಲ ಬಾಗಿಲಿನಿಂದ ಹೋಗಬೇಕು.

ಮುಟ್ಟುವುದಕ್ಕೂ ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಹೊರಸಿನ ಮೇಲೆ ಬಿದ್ದಿರುವ ತನಕ ಹೊಲತಿಯ ಕೈ ಮೈಲಿಗೆ ಅಲ್ಲ. ಹೊರಸು ಇಳಿದು ಕಾಲೂರಿದ ದಿನ ಮೈಲಿಗೆ. ಆ ದಿನ ಗೋಮೂತ್ರ ಬಾಯಿಗೆ ಬಿಟ್ಟುಕೊಂಡು, ತಲೆಯ ಮೇಲೆ ನೀರು ಹೊಯ್ದುಕೊಂಡು, ಅಲ್ಲಿಯ ತನಕ ಅವಳ ಕೈ ತಾಗಿದ್ದನ್ನೆಲ್ಲ ಒಂದೇ ಏಟಿಗೆ ತೊಳೆದುಕೊಳ್ಳುತ್ತಿದ್ದರು. ಜೇವರ್ಗಿ ಕಡೆಯ ಗೌಡರ ಮನೆಯ ಶರಣಬಸಮ್ಮ ಕಾಲು ಮುರಿದುಕೊಂಡು ಬಂದು ಎರಡು ತಿಂಗಳು ಬಿದ್ದಲ್ಲೇ ಬಿದ್ದಿದ್ದಳು. ದಿನಕ್ಕೆ ನಾಲ್ಕು ಸಲ ಅವಳನ್ನು ಮಗ್ಗಲು ಹೊರಳಿಸಿದವಳು ನಿಂಬೆವ್ವ. ಕೋಲೂರಿ ನಾಲ್ಕು ಹೆಜ್ಜೆ ಇಟ್ಟ ದಿನ ಶರಣಬಸಮ್ಮನ ಬಾಯಿಂದ ಮೊದಲು ಬಂದ ಮಾತು ಇದು:

"ದೂರ ನಿಲ್ಲ ಬೇ. ಸ್ನಾನ ಆಗ್ಯದ ನಂದು."

"ನಿನ್ನೀ ಮಟಾ ನಾನೇ ತೊಳದೀನಲ್ರಿ ಅವ್ವಾರ, ಹಿಂದೂ ಮುಂದೂ."

"ನಿನ್ನೀ ಮಟಾ ನನಗ ಖಬರ ಇರಲಿಲ್ಲ."

ಪಡಸಾಲೆಯಲ್ಲಿ ಎಲ್ಲರೂ ನಕ್ಕರು. ನಿಂಬೆವ್ವನೂ ನಕ್ಕಳು. ನಗದಿದ್ದರೆ ಗಂಜಿ ಇಲ್ಲ.

ಪೀರಪ್ಪ ಅಂದೋಲಾದವನು. ಕಂಡವರ ಹೊಲದಲ್ಲಿ ದುಡಿದವನು. ಹೊಟ್ಟೆಯಲ್ಲಿ ಗಡ್ಡೆ ಎದ್ದು ಅರ್ಧ ಚೀಲ ಜೋಳದಷ್ಟೂ ತೂಕ ಇರಲಿಲ್ಲ. ಹಳ್ಳಕ್ಕೆ ಹೊತ್ತೊಯ್ದ ಆ ಬೇಸಿಗೆಯ ದಿನ ನಿಂಬೆವ್ವನ ಬೆನ್ನ ಮೇಲೆ ಕೂತು ಅವಳ ಕಿವಿಯಲ್ಲಿ ಹೇಳಿದ್ದ, "ಯವ್ವಾ, ನನ್ನ ಮದವ್ಯಾಗೂ ಕುದರಿ ಸಿಕ್ಕಿರಲಿಲ್ಲ. ಇವತ್ತ ಮೆರವಣಿಗಿ ಆತ ನೋಡು."

"ಸುಮ್ನ ಕೂಡೋ ಮಾರಾಯಾ, ನಗಸಬ್ಯಾಡ. ಕಾಲ ಜಾರತದ."

ಜಾಲಿಗಿಡದ ನೆರಳಿನಲ್ಲಿ ಅವನನ್ನು ಇಳಿಸಿ, ನೀರು ತರುತ್ತೇನೆಂದು ಬಂದಳು. ತಂಬಿಗೆ ತುಂಬಿ ಹಿತ್ತಲ ಬಾಗಿಲಲ್ಲಿ ಇಟ್ಟಳು. ಅಷ್ಟರಲ್ಲಿ ಮುಂದೆ ದಾರೋಗಾನ ಕುದುರೆ ಬಂತು. ಶಿವರಾಯ ಅವಳ ಕೈಗೆ ಕಸಬರಿಗೆ ಕೊಟ್ಟ.

"ಸಾಹೇಬ್ರು ಇರೋತನ ಹಳ್ಳದ ಕಡಿ ಮಾರಿ ಹಾಕಬ್ಯಾಡ. ನೀ ಹೋಗೋದ ನೋಡಿದ್ರ ಅವ್ರೂ ಹಿಂದ ಬರ್ತಾರ. ಪಾಯಖಾನಿ ಮುಂದ ನಿಂದ್ರು. ಕೇಳಿದಾಗ ನೀರ ಹಾಕು."

ಅವಳು ನಿಂತಳು. ಸೂರ್ಯ ನೆತ್ತಿಗೆ ಬಂದ. ಒಳಗೆ ಹೋಳಿಗೆಯ ವಾಸನೆ ಎದ್ದಿತು. ದಾರೋಗಾ ಉಂಡು ಮಲಗಿದ. ಅವನ ಗೊರಕೆ ಪಾಯಖಾನೆಯ ತನಕ ಕೇಳುತ್ತಿತ್ತು. ತುಂಬಿದ ತಂಬಿಗೆ ಅವಳ ಕಣ್ಣ ಮುಂದೆಯೇ ಇತ್ತು, ಹದಿನೈದು ಹೆಜ್ಜೆ ಅಷ್ಟೆ. ಹದಿನೈದು ಹೆಜ್ಜೆ ನಡೆಯಲು ಅವಳಿಗೆ ಅಂದು ಕಾಲು ಬರಲಿಲ್ಲ.

ಕುದುರೆಯ ಸಪ್ಪಳ ದೂರವಾದ ಮೇಲೆ ಓಡಿದಳು. ಜಾಲಿಯ ನೆರಳು ಜಾಗ ಬಿಟ್ಟು ಸರಿದಿತ್ತು. ಪೀರಪ್ಪ ನೆರಳಿನ ಹಿಂದೆ ತೆವಳಿರಲಿಲ್ಲ. ಇದ್ದಲ್ಲೇ ಬೋರಲು ಬಿದ್ದು, ವರತೆ ತೆಗೆಯುವಂತೆ, ಬೆರಳಿನಿಂದ ಉಸುಕು ತೋಡಿದ್ದ. ಮೊಣಕೈ ಮುಳುಗುವಷ್ಟು ತೋಡಿದ್ದ. ತಳದಲ್ಲಿ ಉಸುಕು ಹಸಿಯಾಗಿತ್ತು. ನೀರು ಬಂದಿರಲಿಲ್ಲ. ಉಗುರುಗಳು ಕಿತ್ತು ಹೋಗಿದ್ದವು.

"ಅಲ್ಲೇ ಮುಚ್ಚಿ ಬಿಡು," ಎಂದ ಶಿವರಾಯ, ದಂಡೆಯ ಮೇಲೆ ನಿಂತು. "ಹೊತ್ತ ಮುಣಗೋದರಾಗ ಮುಗಸು."

ಪೀರಪ್ಪ ತೋಡಿದ್ದ ತೆಗ್ಗನ್ನೇ ನಿಂಬೆವ್ವ ಅಗಲ ಮಾಡಿದಳು. ಸಲಿಕೆ ಇರಲಿಲ್ಲ. ಒಡೆದ ಬುಟ್ಟಿಯಿಂದ ಉಸುಕು ಎತ್ತಿ ಎತ್ತಿ ಒಗೆದಳು.

ಹದಿನೈದು ದಿನ ಕಳೆದ ಮೇಲೆ ಅಂದೋಲಾದಿಂದ ಪೀರಪ್ಪನ ತಾಯಿ ಮಾಣಿಕಮ್ಮ ನಡೆದುಕೊಂಡು ಬಂದಳು. ಭೀಮಾ ನದಿ ದಾಟಿ, ಎರಡು ದಿನದ ಹಾದಿ. ತಲೆಯ ಮೇಲೆ ಒಂದು ಗಂಟು. ಶಿವರಾಯ ಮುಂಬಾಗಿಲ ಕಟ್ಟೆಯ ಮೇಲೆ ಕೂತು ಹೇಳಿದ, "ಆರಾಮ ಆಗಿ ಹೋದನಲ್ಲವ್ವ. ಸೊನ್ನದ ಕಡಿ ಕೂಲಿ ಸಿಗತದಂತ ಹೋದ."

ಮುದುಕಿ ನಂಬಿದಳು. ನಂಬಿದಳು ಅಂದರೆ, ಅವಳ ಮುಖ ಅರಳಿತು. ಹಿತ್ತಲಿಗೆ ಬಂದು ನಿಂಬೆವ್ವನ ಎರಡೂ ಕೈ ಹಿಡಿದಳು.

"ನೀನೇ ಏನವ್ವ, ನನ್ನ ಮಗನ್ನ ಎತ್ತಿ ಇಳಸಿ ಮಾಡಿದಾಕಿ?"

"ಹೂನ್ರಿ."

"ನಿನ್ನ ಹೊಟ್ಟಿ ತಣ್ಣಗಿರಲಿ. ಅವಗ ಸಜ್ಜಿ ರೊಟ್ಟಿ ಅಂದ್ರ ಜೀವ. ಅವಗಂತ ತಂದಿದ್ದೆ. ಅವ ಇಲ್ಲ, ನೀ ತಿನ್ನವ್ವ. ನೀ ತಿಂದ್ರ ಅವ ತಿಂದಂಗ."

ಗಂಟು ಬಿಚ್ಚಿ ನಾಲ್ಕು ರೊಟ್ಟಿ, ಶೇಂಗಾದ ಹಿಂಡಿ ಅವಳ ಸೆರಗಿಗೆ ಹಾಕಿದಳು. ತಿನ್ನುವ ತನಕ ಎದುರಿಗೆ ಕೂತಳು. ಶಿವರಾಯ ಬಾಗಿಲ ಸಂದಿನಲ್ಲಿ ನಿಂತು ನೋಡುತ್ತಿದ್ದ. ನಿಂಬೆವ್ವ ತಿಂದಳು. ನಾಲ್ಕೂ ರೊಟ್ಟಿ ತಿಂದಳು. ಹಸಿವೆ ಇತ್ತು, ಅದೂ ಖರೆ. ಮುದುಕಿ ಹಾದಿ ಹಿಡಿದ ಮೇಲೆ ಹಳ್ಳಕ್ಕೆ ಹೋಗಿ ಗಂಟಲಿಗೆ ಬೆರಳು ಹಾಕಿದಳು. ಏನೂ ಬರಲಿಲ್ಲ. ಹೊಟ್ಟೆ ಅದನ್ನು ಆಗಲೇ ತನ್ನದು ಮಾಡಿಕೊಂಡಿತ್ತು.

ಮಳೆ ಹಿಡಿದ ಮೇಲೆ ಮುಮತಾಜ ಬಂದಳು. ಆಳಂದದವಳು, ಇಪ್ಪತ್ತೆರಡರ ಹೆಣ್ಣು. ಹೆರಿಗೆಯಲ್ಲಿ ಕೂಸು ಹೋಯಿತು, ಅವಳಿಗೆ ಕೆಮ್ಮು ಹತ್ತಿತು. ಗಂಡ ಸೊಲ್ಲಾಪುರದ ಗಿರಣಿಗೆ ಹೋದವನು ಮರಳಲಿಲ್ಲ. ಅಣ್ಣ ಬಂಡಿಯಲ್ಲಿ ತಂದು ಇಳಿಸಿ, ವಾರಕ್ಕೆ ಬರುತ್ತೇನೆಂದು ಹೋದ. ಆರು ವಾರವಾಯಿತು. ಹೊರಸಿನ ಮೇಲಿದ್ದವಳನ್ನು ಮೂರನೆಯ ವಾರ ಚಾಪೆಗೆ ಇಳಿಸಿದರು.

ಕೆಮ್ಮಿದರೆ ರಕ್ತ ಬರುತ್ತಿತ್ತು. ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ.

"ಅಕ್ಕಾ, ನಿನ್ನ ಕೈ ಎಷ್ಟ ಗಟ್ಟಿ ಅವ. ನನ್ನ ಗಂಡನ ಕೊಳ್ಳಾಗ ಒಮ್ಮೆ ಹಾಕಿ ಬಾ."

"ಸಿಕ್ರ ಹಾಕೇನಿ ತಗೋ. ಮೊದಲ ಈ ಗಂಜಿ ನುಂಗು."

"ಇದು ಗಂಜಿ ಏನ? ಜ್ವಾಳ ಈ ನೀರಾಗ ಜಳಕ ಮಾಡಿ ಎದ್ದ ಹೋದಂಗ ಅದ."

ಒಂದು ದಿನ ಮಳೆ ಬಿಡುವು ಕೊಟ್ಟಿತು. ಶಿವರಾಯ ಅಫಜಲಪುರದ ಸಂತೆಗೆ ಹೋಗಿದ್ದ. ಕಾಳಿನ ಖೋಲಿಯಲ್ಲಿ ಗೋಡೆ ಬೆವರುತ್ತಿತ್ತು. ಮುಮತಾಜಳಿಗೆ ಬಿಸಿಲು ಕಾಣಿಸಬೇಕೆಂದು ನಿಂಬೆವ್ವ ಅವಳನ್ನು ಬೆನ್ನಿಗೆ ಕಟ್ಟಿಕೊಂಡು ಹೊರಗಿನಿಂದ ಸುತ್ತು ಹಾಕಿ ಮುಂಬಾಗಿಲ ಕಟ್ಟೆಗೆ ತಂದು ಕೂರಿಸಿದಳು. ತಾನು ಕೆಳಗೆ ಹಾದಿಯ ಮಣ್ಣಿನಲ್ಲಿ ಕೂತಳು. ಮುಮತಾಜ ಕುತ್ತಿಗೆ ಎತ್ತಿ ತಖ್ತಿ ನೋಡಿದಳು. ಅವಳ ಅಪ್ಪ ಮಸೀದಿಯ ಮುಂದೆ ಮಕ್ಕಳಿಗೆ ಓದು ಕಲಿಸುತ್ತಿದ್ದವನು. ತುಟಿ ಅಲ್ಲಾಡಿಸಿ ಓದಿದಳು.

"ಏನಂತ ಬರದದ ಅದರಾಗ?"

"ಶಿವರಾಯನ ಹೆಸರು. ಬಾರಾ ಅಂತ ಅದ, ಹನ್ನೆರಡು. ಆಮ್ಯಾಲ... ಬೀಮಾರ ಮಂದಿ ಹಿಫಾಜತಿಗಿ ಈ ಇಜಾಜತಿ ಅಂತ."

"ಹಿಫಾಜತಿ ಅಂದ್ರ?"

"ಕಾಪಾಡೋದು. ಜಡ್ಡಿನವ್ರನ್ನ ಜ್ವಾಕಿಯಿಂದ ನೋಡಕೊಳ್ಳೋದು."

ನಿಂಬೆವ್ವ ಎದ್ದು ನಿಂತು ಆ ತಖ್ತಿಯನ್ನು ದಿಟ್ಟಿಸಿದಳು. ಇಷ್ಟು ದಿನ ಅದು ಬಾಗಿಲಿಗೆ ಹೊಡೆದ ಹಲಗೆ ಎಂದುಕೊಂಡಿದ್ದಳು.

"ಖರೇನ ಹಂಗ ಬರದದ?"

"ಅಲ್ಲಾನ ಆಣಿ. ಇಷ್ಟ ದಪ್ಪ ಅಕ್ಷರದಾಗ."

"ಹಂಗಾದ್ರ ಆ ಸಾಹೇಬ ಬರೋದು ಅದಕ್ಕೇ ಏನ? ಜಡ್ಡಿನವ್ರು ಹ್ಯಾಂಗ ಅದಾರ ಅಂತ ನೋಡಾಕ?"

"ಮತ್ತ ಯಾತಕ್ಕ ಬಂದಾನು? ಇವರ ಹೋಳಿಗಿ ತಿನ್ನಾಕೇನ?" ಎಂದು ಮುಮತಾಜ ನಕ್ಕಳು, ನಕ್ಕು ಕೆಮ್ಮಿದಳು.

ನಿಂಬೆವ್ವನ ತಲೆಯಲ್ಲಿ ಅದು ಹೊಕ್ಕು ಕೂತಿತು. ಸಾಹೇಬನಿಗೆ ಗೊತ್ತಿಲ್ಲ. ಅವನು ಎಣಿಸುವಾಗೆಲ್ಲ ಹನ್ನೆರಡೇ ಕಂಡಿದೆ. ಹದಿಮೂರನೆಯವರು ಅವನ ಕಣ್ಣಿಗೆ ಬಿದ್ದೇ ಇಲ್ಲ. ಬಿದ್ದರೆ ಕೇಳಿಯಾನು. ಇವಳಿಗೇಕೆ ಹೊರಸಿಲ್ಲ ಎಂದು ಕೇಳಿಯಾನು. ಹಿಂದಿನವನು ಎಲ್ಲಿ ಎಂದು ಕೇಳಿಯಾನು. ಹಳ್ಳಕ್ಕೆ ಹೊತ್ತು ಹಾಕಿ ಹಾಕಿ, ಅವನ ಕಣ್ಣು ಕಟ್ಟಿದವಳು ತಾನೇ.

ಗುಡಿಸಲಲ್ಲಿ ಅತ್ತೆ ಸಾಬವ್ವ ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ಹೋಗಿ ಏಳು ವರ್ಷ. ಸೊಸೆಯ ಮಾತು ಪೂರಾ ಕೇಳಿ ಮುದುಕಿ ಬಾಯಿ ಬಿಟ್ಟು ನಕ್ಕಳು. ಒಂದು ಹಲ್ಲೂ ಇರಲಿಲ್ಲ.

"ಸರ್ಕಾರ ನಮ್ಮ ಕೇರಿಗಿ ಯಾವಾಗ ಬಂದದ ಹೇಳು. ಬಿಟ್ಟಿ ಹಿಡ್ಯಾಕ ಬಂದದ. ಹೆಣ ಹೊರಸಾಕ ಬಂದದ. ನಿನ್ನ ಗಂಡ ಸತ್ತಾಗ ಬಂತೇನ?"

"ಇದು ಬರದ ಹಾಕ್ಯಾರ ಅತ್ತಿ. ಓದಿದಾಕಿ ಹೇಳ್ಯಾಳ."

"ಬರದದ್ದು ಬರದೋರಿಗಿ. ನೀ ಎತ್ತು ಅಂದ್ರ ಎತ್ತು, ಇಳಸು ಅಂದ್ರ ಇಳಸು. ಈ ಮಳ್ಯಾಗ ನನ್ನ ಎಲ್ಲಿ ಹೊತಗೊಂಡ ತಿರಗತಿ?"

ಮುದುಕಿ ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ. ನಿಂಬೆವ್ವ ಸೋರುವ ಜಾಗ ಬಿಟ್ಟು ಅವಳನ್ನು ಒಳಗೆ ಸರಿಸಿ ಕೂರಿಸಿ ಹೊರಬಿದ್ದಳು.

ಉಸ್ಮಾನಸಾಬ ಬಂದದ್ದು ಎಂಟು ದಿನಕ್ಕೆ, ಜಿಟಿಜಿಟಿ ಮಳೆಯ ಮುಂಜಾನೆ. ತಲೆಯ ಮೇಲೆ ಗೋಣಿಚೀಲದ ಕೊಪ್ಪೆ.

"ಸಾವಕಾರ್ರ, ಸಾಹೇಬ್ರು ಹಿಂದೇ ಬರಾಕತ್ಯಾರ. ಈ ಸಲ ಸಿಟ್ಟಿನ್ಯಾಗ ಅದಾರ. ಎಲ್ಲೋ ಒಂದ ಕಡಿ ಮಂದಿ ಹೆಚ್ಚ ಸಿಕ್ರು, ಬೀಗ ಜಡದ ಬಂದಾರ. ಕೋಳಿ ಇರ್ಲಿ ಬಿಡ್ರಿ, ಇವತ್ತ ಹೊತ್ತಿಲ್ಲ," ಎಂದ. ಅಂದರೂ ಕೋಳಿಗೂಡಿನ ಕಡೆ ಒಮ್ಮೆ ನೋಡಿದ.

ಶಿವರಾಯ ಕಾಳಿನ ಖೋಲಿಯ ಬಾಗಿಲಿಗೆ ಬಂದ. ನಿಂಬೆವ್ವ ಮುಮತಾಜಳ ತಲೆ ತೊಡೆಯ ಮೇಲಿಟ್ಟುಕೊಂಡು ಬಾಯಿ ಒರೆಸುತ್ತಿದ್ದಳು. ಅರಿವೆ ಕೆಂಪಾಗಿತ್ತು.

"ಏ, ಎತ್ತು ಇಕೀನ್ನ. ಹಳ್ಳದಾಗ ನೀರ ಬಂದದ, ದಾಟಿ ಆ ಕಡಿ ಜಾಲಿಕಂಟಿ ಮರೀಗಿ ಕೂಡಸು."

"ಮಳಿ ಹತ್ತ್ಯದರಿ."

"ಮಳಿ ನನಗೂ ಕಾಣತದ. ಚೀಲ ಹೊಚ್ಚು."

"ನೀರು ಸೊಂಟದ ಮಟಾ ಅದರಿ. ರಾಡ್ಯಾಗ ಕಾಲ ಏಳಂಗಿಲ್ರಿ. ಇಕಿ ಉಳಿಯಂಗಿಲ್ರಿ."

"ಉಳದ್ರ ಉಳೀತಾಳ. ನೀ ಎತ್ತು."

ನಿಂಬೆವ್ವ ಹಳ್ಳವನ್ನು ನೆನೆದಳು. ಕೆಂಪು ನೀರು. ಅದರ ಕೆಳಗೆ ಉಸುಕು. ಉಸುಕಿನ ಕೆಳಗೆ ಪೀರಪ್ಪ. ಅವನ ಮೇಲೆ ಕಾಲಿಟ್ಟು ಇವಳನ್ನು ಹೊತ್ತು ದಾಟಬೇಕು. ಆರು ತಿಂಗಳು ಬಿಟ್ಟು ಆಳಂದದಿಂದ ಯಾರಾದರೂ ಬಂದರೆ ಅವರು ಕೊಟ್ಟ ರೊಟ್ಟಿ ತಿನ್ನಬೇಕು.

"ಆಗಂಗಿಲ್ರಿ," ಎಂದಳು.

ಶಿವರಾಯನಿಗೆ ಅದು ಕೇಳಿಸಲೇ ಇಲ್ಲ. ಕೇಳಿಸಿದ್ದು ಕಿವಿಗೆ, ತಲೆಗೆ ಹೋಗಲಿಲ್ಲ. ಈ ಬಾಯಿಂದ ಆ ಮಾತು ಅವನು ಎಂದೂ ಕೇಳಿದವನಲ್ಲ. ಎರಡನೆಯ ಸಲ ಹೇಳಿದಾಗ ಅವನ ಕಾಲು ಎದ್ದಿತು. ಒದೆ ಅವಳ ಪಕ್ಕೆಗೆ ಬಿತ್ತು. ತಾನು ಚಪ್ಪಲಿಯಿಂದ ಒದ್ದೆನೋ ಬರಿಗಾಲಿನಿಂದ ಒದ್ದೆನೋ ಎಂದು ಅವನು ಕಾಲು ನೋಡಿಕೊಂಡ. ಬರಿಗಾಲು. ಇನ್ನು ಅವನಿಗೂ ಸ್ನಾನ.

ಅಷ್ಟರಲ್ಲಿ ಮುಂದೆ ಕುದುರೆ ನಿಂತಿತು.

ದಾರೋಗಾ ಜಹೀರುದ್ದೀನ ಕಿರಿ ವಯಸ್ಸಿನವನು, ತೊಳೆದಿಟ್ಟಂಥ ಮನುಷ್ಯ. ಮಳೆಯಲ್ಲೂ ಅವನ ಕಾಲರಿನ ಮೇಲೆ ಒಂದು ಕಲೆ ಇರಲಿಲ್ಲ. ಈ ಸಲ ಉಣ್ಣುವುದಿಲ್ಲ ಎಂದ. ಪಡಸಾಲೆಯಲ್ಲಿ ಹನ್ನೆರಡು ಹೊರಸು ಎಣಿಸಿದ. ರಜಿಸ್ಟರು ತೆಗೆಸಿ ಹನ್ನೆರಡು ಹೆಸರು ಓದಿದ. ತೃಪ್ತಿಯಾಯಿತು. ಪೆನ್ನು ತೆಗೆದ. ಕಾಳಿನ ಖೋಲಿಯಿಂದ ಕೆಮ್ಮು ಬಂತು.

ಶಿವರಾಯ ಅಡ್ಡ ನಿಂತ. ದಾರೋಗಾ ಅವನನ್ನು ಸರಿಸಿ ಬಾಗಿಲು ನೂಕಿದ.

ಈಗ ಕಾಣುತ್ತದೆ. ಈಗ ಕೇಳುತ್ತಾನೆ. ಪಕ್ಕೆಯ ನೋವು ಮರೆತು ನಿಂಬೆವ್ವ ಕೈ ಮುಗಿದಳು.

"ಯಾರು ಈಕಿ?" ಎಂದ ದಾರೋಗಾ.

"ಹದಿಮೂರನೇದಾಕಿ ರೀ ಸಾಹೇಬ್ರ," ಎಂದಳು ನಿಂಬೆವ್ವ, ಶಿವರಾಯ ಬಾಯಿ ತೆರೆಯುವ ಮೊದಲೇ. "ಮುಮತಾಜ ಅಂತ, ಆಳಂದದಾಕಿ. ನೀವು ಬಂದಾಗೆಲ್ಲ ಇಂಥೋರನ್ನ ಹಳ್ಳಕ್ಕ ಹೊತ್ತ ಹಾಕತಿದ್ದೆ ನಾನು. ಬ್ಯಾಸಿಗ್ಯಾಗ ಪೀರಪ್ಪ ಅಂತ ಒಬ್ಬ ಅಲ್ಲೇ ಸತ್ತ. ನೀವು ಇಲ್ಲಿ ಮಲಗಿದ್ರಿ. ನಾನೇ ಮುಚ್ಚೀನಿ. ತೋರಸ್ತೀನಿ ಬರ್ರಿ."

ದಾರೋಗಾ ಕರ್ಚೀಫು ಮೂಗಿಗೆ ಹಿಡಿದ. ರಜಿಸ್ಟರಿನ ಹಾಳೆ ಹಿಂದಕ್ಕೆ ತಿರುವಿದ. ಬೇಸಿಗೆಯ ಹಾಳೆ. ಬೆರಳಿಟ್ಟು ಮೇಲಿಂದ ಕೆಳಗೆ ನೋಡಿದ.

"ಪೀರಪ್ಪ ಅಂತ ಯಾರೂ ಇಲ್ಲ ಇದರಾಗ."

"ಬರಸಿರಲಿಲ್ರಿ ಅವನ್ನ."

"ಬರಸದಿದ್ದಂವ ಈ ಮನ್ಯಾಗ ಇರಲಿಲ್ಲ. ಇಲ್ಲದಂವ ಸಾಯೋದು ಹ್ಯಾಂಗ?" ಹಾಳೆ ಮುಚ್ಚಿದ. ಶಿವರಾಯನ ಕಡೆ ತಿರುಗಿದ. "ನೋಡ್ರಿ. ಪಡಸಾಲಿ ನಾನೇ ಅಳದೀನಿ. ಹನ್ನೆರಡ ಮಂದಿಗಿ ಆಗೋವಷ್ಟ ಹವಾ ಅದ. ಹದಿಮೂರನೇದಾಕಿಗಿ ಇಲ್ಲಿ ಹವಾ ಇಲ್ಲ. ಮ್ಯಾಲ ಇದು ಅಂಟೋ ಜಡ್ಡು. ಈಗಿಂದೀಗ ಹೊರಗ ಹಾಕಸ್ರಿ. ನನ್ನ ಕಣ್ಣ ಮುಂದ. ಆಮ್ಯಾಲ ಸಹಿ."

ನಿಂಬೆವ್ವನಿಗೆ ಮೊದಲು ತಿಳಿಯಲಿಲ್ಲ. ಮುಗಿದ ಕೈ ಹಾಗೇ ಇತ್ತು.

"ಹೊರಗ ಅಂದ್ರ ಎಲ್ಲಿಗ್ರಿ?"

"ಅದು ನನ್ನ ಕೆಲಸ ಅಲ್ಲ."

"ಜಡ್ಡಿನವ್ರನ್ನ ಕಾಪಾಡಾಕಂತ ಬರದದಂತಲ್ರಿ, ನಿಮ್ಮ ತಖ್ತಿ ಮ್ಯಾಲ."

"ಅದಕ್ಕೇ ಹೇಳಾಕತ್ತೀನಿ. ಆ ಹನ್ನೆರಡ ಮಂದೀನ ಕಾಪಾಡಬೇಕು."

ಮುಗಿದ ಕೈ ಕೆಳಗೆ ಬಿತ್ತು. ಕದ್ದು ಹೇಳುವವನೂ ಎತ್ತು ಎಂದ. ಕಾಯಿದೆ ಹಿಡಿದು ಹೇಳುವವನೂ ಎತ್ತು ಎಂದ. ಇಬ್ಬರ ಬೆರಳೂ ಅದೇ ಹಳ್ಳದ ಕಡೆ. ಬರಲಿ ಬರಲಿ ಎಂದು ನಿಂಬೆವ್ವ ಎಂಟು ದಿನ ಕಾದದ್ದು ಇವನಿಗಾಗಿ. ಮುದುಕಿಗೆ ಕಣ್ಣಿಲ್ಲದಿದ್ದರೂ ಕಂಡಿತ್ತು.

"ಹೊರಗ ಭಾಳ ಹವಾ ಅದರಿ ಸಾಹೇಬ್ರ," ಎಂದಳು. "ಪೀರಪ್ಪಗೂ ಭಾಳ ಹವಾ ಸಿಕ್ಕಿತ್ತು. ಕುಡ್ಯಾಕ ನೀರ ಸಿಗಲಿಲ್ಲ."

"ಬಾಯ್ ಮುಚ್ಚಿಸ್ರಿ ಈಕೀದು. ಎತ್ತಸ್ರಿ."

"ಎತ್ತು ಬೇ!" ಶಿವರಾಯ ಕೂಗಿದ. "ಎತ್ತಲಿಲ್ಲಂದ್ರ ಇವತ್ತೇ ನಿನ್ನ ಗುಡಸಲ ಕಿತ್ತ ಒಗೀತೇನಿ. ಆ ಕುರುಡಿ ಮಳ್ಯಾಗ ಕೊಳೀತಾಳ."

ಕೊಳೆಯುತ್ತಾಳೆ. ಸುಳ್ಳಲ್ಲ. ಅವನು ಮಾಡುವವನೇ. ನಿಂಬೆವ್ವ ಸೋರುವ ಗುಡಿಸಲನ್ನು ಕಂಡಳು, ಗೋಡೆ ತಡವುತ್ತ ತನ್ನನ್ನು ಕರೆಯುವ ಮುದುಕಿಯನ್ನು ಕಂಡಳು. ಕಣ್ಣಲ್ಲಿ ನೀರು ಬಂತು. ಎದ್ದಳು. ಶಿವರಾಯ ಉಸಿರು ಬಿಟ್ಟ. ಅವಳು ಎದ್ದು ಚಾಪೆಯ ಈ ಬದಿಯಿಂದ ಆ ಬದಿಗೆ, ಬಾಗಿಲಿಗೂ ಮುಮತಾಜಳಿಗೂ ನಡುವೆ ಬಂದು ಕೂತಳು.

"ಆಗಂಗಿಲ್ಲಂದ್ನಲ್ರಿ."

ದಾರೋಗಾ ಚಪರಾಸಿಯ ಕಡೆ ನೋಡಿದ. "ಉಸ್ಮಾನ, ನೀ ಹಿಡಿ."

ಉಸ್ಮಾನಸಾಬ ಒಂದು ಹೆಜ್ಜೆ ಮುಂದೆ ಬಂದ. ಕೆಂಪು ಅರಿವೆ ನೋಡಿದ. ಎರಡು ಹೆಜ್ಜೆ ಹಿಂದೆ ಹೋದ. "ಹುಜೂರ, ಮನ್ಯಾಗ ಸಣ್ಣ ಕೂಸುಗಳು ಅವ. ನೌಕರಿ ಹೋದ್ರ ಹೋಗಲಿರಿ."

ಇವನನ್ನು ಬಿಟ್ಟರೆ ಯಾರು? ಪಡಸಾಲೆಯಲ್ಲಿ ಹೊರಸುಗಳ ಪಕ್ಕ ಅಣ್ಣಂದಿರು, ಹೆಂಡಂದಿರು, ಮಕ್ಕಳು, ಗಟ್ಟಿಮುಟ್ಟಾದ ಹತ್ತು ಜನ ನಿಂತಿದ್ದರು. ಒಬ್ಬರೂ ಮುಂದೆ ಬರಲಿಲ್ಲ. ಜಾತಿ ಬೇರೆ, ಜಡ್ಡು ಬೇರೆ. ತಮ್ಮ ತಮ್ಮವರನ್ನೇ ಅವರು ಮುಟ್ಟಿ ಎತ್ತಿದವರಲ್ಲ, ನಿಂಬೆವ್ವನನ್ನು ಕರೆದವರು.

ದಾರೋಗಾನಿಗೆ ಅವಮಾನವಾಯಿತು. ಒಂದು ಹೊಲತಿಯ ಮುಂದೆ ಸರ್ಕಾರ ನಿಂತುಬಿಟ್ಟಿತ್ತು. ಪೆನ್ನು ಜೇಬಿಗೆ ಹಾಕಿದ.

"ಸರಿ. ಇಜಾಜತಿ ರದ್ದು. ಹದಿಮೂರೂ ಮಂದಿ ಹೊರಗ. ಈಗ ಬೀಗ ಹಾಕತೇನಿ."

ಗದ್ದಲ ಎದ್ದಿತು. ಯಾರೋ ಅತ್ತರು. ಕಾಲು ಇನ್ನೂ ಪೂರಾ ಕೂಡದೆ ವಾಡೆಯಲ್ಲೇ ಉಳಿದಿದ್ದ ಶರಣಬಸಮ್ಮ ಹೊರಸಿನ ಮೇಲಿಂದಲೇ ಕೋಲು ನೆಲಕ್ಕೆ ಕುಟ್ಟಿದಳು. "ಏ ಹಡಬಿಟ್ಟಿ! ಒಬ್ಬಾಕಿ ಸಲವಾಗಿ ಹನ್ನೆರಡ ಮಂದಿ ಹೊಟ್ಟಿ ಮ್ಯಾಲ ಹೊಡೀತಿ ಏನ? ಈ ಕಾಲ ತಗೊಂಡು ನಾ ಎಲ್ಲಿಗಿ ಹೋಗಲಿ? ಎತ್ತಿ ಒಗೀ ಆಕೀನ್ನ!"

"ನೀವೇ ಎತ್ತರಿ ಅವ್ವಾರ," ಎಂದಳು ನಿಂಬೆವ್ವ. ದಾರೋಗಾನ ಕಡೆ ಮುಖ ಮಾಡಿದಳು. "ಹಾಕಸ್ರಿ ಸಾಹೇಬ್ರ, ಹದಿಮೂರೂ ಮಂದೀನ ಹಾಕಸ್ರಿ. ನಿಮ್ಮ ಕಾಯಿದಿ ಅದ, ಬೀಗ ಅದ. ಎತ್ತೋ ಕೈ ಯಾರವು?"

ದಾರೋಗಾ ಶಿವರಾಯನನ್ನು ನೋಡಿದ. ಶಿವರಾಯ ನೆಲ ನೋಡಿದ. ಮೇಲೆ ಹಾಸುಗಲ್ಲಿನ ಮಾಳಿಗೆಯ ಮೇಲೆ ಮಳೆ ಜೋರಾಗಿ ಹೊಡೆಯತೊಡಗಿತು. ಹಳ್ಳದ ಸಪ್ಪಳ ಖೋಲಿಯ ತನಕ ಬರುತ್ತಿತ್ತು.

ಶಿವರಾಯ ಕಾಳಿನ ಖೋಲಿಯ ಹೊಸ್ತಿಲಿಗೆ ಬಂದು ಕುಕ್ಕರಿಸಿದ. ಹನ್ನೊಂದು ವರ್ಷದಲ್ಲಿ ಅವನು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ನಿಂಬೆವ್ವಾ. ನನ್ನ ತಾಯಿ. ಇದೊಂದ ಸಲ. ಗುಡಸಲ ನಿಂದೇ ಇಟ್ಟಕೋ. ಮುದಕೀಗಿ ದಿನಾ ಅನ್ನ ಕಳಸ್ತೇನಿ. ಇದೊಂದ ಸಲ ಎತ್ತವ್ವಾ."

ಹಿಂದಿನಿಂದ ಮುಮತಾಜಳ ಕೈ ಅವಳ ಸೆರಗು ಎಳೆಯಿತು. "ಅಕ್ಕಾ, ಬಿಡು. ನಾ ಹೋಗ್ತೀನಿ. ಬೆನ್ನ ಕೊಡು." ಗೋಡೆ ಹಿಡಿದು ಏಳಲು ನೋಡಿದಳು. ಕೆಮ್ಮು ಅವಳನ್ನು ಎರಡಾಗಿ ಮಡಿಚಿತು.

ನಿಂಬೆವ್ವ ಅವಳ ಹೆಗಲ ಮೇಲೆ ಕೈಯಿಟ್ಟು ಚಾಪೆಗೆ ಒತ್ತಿ ಮಲಗಿಸಿದಳು. ತಟ್ಟಿನ ಚೀಲ ಅವಳ ಎದೆಯ ತನಕ ಎಳೆದಳು. ಆಮೇಲೆ ಹೊಸ್ತಿಲ ಕಡೆ ತಿರುಗಿದಳು.

"ಎತ್ತಂಗಿಲ್ಲ," ಎಂದಳು.